ಸ್ಪಾಟಿಂಗ್ ಸ್ಕೋಪಿಗೆ ಮೂರು ಲಕ್ಷ ಏಕೆ?

ಕೆರೆಯ ನಟ್ಟನಡುವೆ ತೇಲುವ ಬಾತುಗಳನ್ನೋ ಅಳಿವೆಯ ಕೆಸರಿನಲ್ಲಿ ಓಡಾಡುವ ಉಲ್ಲಂಕಿಗಳನ್ನೋ ಗುರುತಿಸುವಾಗ ಬೈನಾಕ್ಯುಲರಿನ 8 ಅಥವಾ 10 ಪಟ್ಟು ವರ್ಧನೆ ಸಾಲುವುದಿಲ್ಲ. ಆಗ ಬೇಕಾಗುವುದು ಸ್ಪಾಟಿಂಗ್ ಸ್ಕೋಪ್. ಇದು ಟ್ರೈಪಾಡಿನ ಮೇಲೆ ಕೂರಿಸಿ ಒಂದೇ ಕಣ್ಣಿನಿಂದ ನೋಡುವ ಗಿಡ್ಡ ದೂರದರ್ಶಕ. ಸಾಮಾನ್ಯವಾಗಿ 20ರಿಂದ 60 ಪಟ್ಟು, ದೊಡ್ಡವುಗಳಲ್ಲಿ 70 ಪಟ್ಟಿನವರೆಗೂ ಹಿಗ್ಗಿಸಿ ತೋರಿಸುತ್ತದೆ. ಇದರ ಸಾಧಾರಣ ಮಾದರಿಗಳು ಕೆಲವು ಹತ್ತು ಸಾವಿರ ರೂಪಾಯಿಗೆ ಸಿಗುತ್ತವೆ. ಆದರೆ ಆಸ್ಟ್ರಿಯಾದ ಸ್ವರೋವ್‌ಸ್ಕಿ ಎಟಿಎಕ್ಸ್ 95, ಜರ್ಮನಿಯ ಝೈಸ್ ಹಾರ್ಪಿಯಾ 95, ಜಪಾನಿನ ಕೋವಾ ಟಿಎಸ್‌ಎನ್-99 ಮುಂತಾದವುಗಳ ಬೆಲೆ ಅಮೆರಿಕದ ಅಂಗಡಿಗಳಲ್ಲೇ 4,000 ಡಾಲರಿನ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇದೆ. ರೂಪಾಯಿ ಲೆಕ್ಕದಲ್ಲಿ ಅದು ಮೂರು ಲಕ್ಷ ದಾಟುತ್ತದೆ. ಆಮದು ಸುಂಕ ಬೇರೆ. ಹೊರಗಿನಿಂದ ನೋಡಿದರೆ ಅಗ್ಗದ್ದೂ ದುಬಾರಿಯದ್ದೂ ಒಂದೇ ಬಗೆಯ ಕೊಳವೆ.

ವರ್ಧನೆ ಹೆಚ್ಚಿದಂತೆ ಹಕ್ಕಿಯ ಜೊತೆಗೆ ಮಸೂರದ ದೋಷಗಳೂ ಹಿಗ್ಗುತ್ತವೆ. ಬೆಲೆಯ ಬಹುಪಾಲು ಹೋಗುವುದು ಈ ದೋಷಗಳನ್ನು ಅಡಗಿಸುವುದಕ್ಕೆ. 8 ಪಟ್ಟಿನ ಬೈನಾಕ್ಯುಲರಿನಲ್ಲಿ ಕಣ್ಣಿಗೆ ಬೀಳದ ತಪ್ಪು 60 ಪಟ್ಟಿಗೆ ಏರಿಸಿದಾಗ ಎದ್ದು ಕಾಣುತ್ತದೆ. ಮುಖ್ಯವಾದದ್ದು ಬಣ್ಣದ ದೋಷ. ಗಾಜು ನೀಲಿ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಎಲ್ಲ ಬಣ್ಣಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಯ ಬೆನ್ನಿನ ಅಂಚಿಗೆ ನೇರಳೆ ಗೆರೆ ಮೂಡುತ್ತದೆ; ಗರಿಯ ಸೂಕ್ಷ್ಮ ವಿವರ ಆ ಗೆರೆಯಲ್ಲಿ ಕರಗಿಹೋಗುತ್ತದೆ.

ಇದನ್ನು ತಗ್ಗಿಸಲು ದುಬಾರಿ ಸ್ಕೋಪುಗಳಲ್ಲಿ ಬಣ್ಣಗಳನ್ನು ಕಡಿಮೆ ಚದುರಿಸುವ ವಿಶೇಷ ಗಾಜು ಬಳಸುತ್ತಾರೆ. ಕೋವಾ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಮೇಲ್ದರ್ಜೆಯ ಮಾದರಿಗಳಲ್ಲಿ ಫ್ಲೋರೈಟ್ ಹರಳನ್ನೇ ಮಸೂರವಾಗಿಸಿದೆ. ಫ್ಲೋರೈಟ್ ಎಂದರೆ ಕ್ಯಾಲ್ಸಿಯಂ ಫ್ಲೋರೈಡ್. ಗಣಿಯಲ್ಲಿ ಅದು ಸಿಗುತ್ತದಾದರೂ ಮಸೂರಕ್ಕೆ ಬೇಕಾದಷ್ಟು ದೊಡ್ಡದೂ ಶುದ್ಧವೂ ಆದ ಹರಳು ಅಪರೂಪ. ಆದ್ದರಿಂದ ಕುಲುಮೆಯಲ್ಲಿ, ಗಾಳಿಯ ಸೋಂಕಿಲ್ಲದಂತೆ, ಸುಮಾರು 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಹರಳನ್ನು ಬೆಳೆಸುತ್ತಾರೆ. ತಣಿಸುವಾಗ ಅವಸರ ಮಾಡಿದರೆ ಒಳಗೆ ಒತ್ತಡ ಉಳಿದು ಹರಳು ಕೆಡುತ್ತದೆ. ಸಿದ್ಧವಾದ ಹರಳೂ ಗಾಜಿಗಿಂತ ಮೆದು. ಉಜ್ಜುವಾಗ ಗೀರು ಬೀಳುತ್ತದೆ, ತಾಪ ಏಕಾಏಕಿ ಬದಲಾದರೆ ಬಿರುಕು ಬಿಡುತ್ತದೆ. ಹೀಗಾಗಿ ಮಾಮೂಲಿ ಗಾಜಿನ ಮಸೂರದ ದರಕ್ಕೂ ಇದರ ದರಕ್ಕೂ ಹೋಲಿಕೆಯೇ ಇಲ್ಲ.

ಇನ್ನೊಂದು ಖರ್ಚು ಲೇಪನದ್ದು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಸ್ಕೋಪಿನೊಳಗೆ ಅಂಥ 20 ಮೇಲ್ಮೈಗಳಿದ್ದರೆ ಕಣ್ಣಿಗೆ ತಲುಪುವುದು ಶೇಕಡಾ 44 ಮಾತ್ರ. ಪ್ರತಿ ಮೇಲ್ಮೈಯ ನಷ್ಟವನ್ನು ಶೇಕಡಾ ಅರ್ಧಕ್ಕೆ ಇಳಿಸಿದರೆ ಶೇಕಡಾ 90ರಷ್ಟು ಬೆಳಕು ದಾಟುತ್ತದೆ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಈ ಬಗೆಯ ಲೇಪನವನ್ನು ಕಂಡುಹಿಡಿದರು; ಆಗ ಒಂದೇ ಪದರ, ಈಗ ಹಲವು. ಎಲ್ಲ ಮೇಲ್ಮೈಗಳಿಗೂ ಹಲವು ಪದರ ಹಚ್ಚಿದ್ದಾರೋ ಇಲ್ಲವೋ ಎಂಬುದರಲ್ಲೇ ಅಗ್ಗದ ಸ್ಕೋಪಿನ ಗುಟ್ಟು ಅಡಗಿರುತ್ತದೆ.

ಗಾತ್ರಕ್ಕೂ ಹಣ ತೆರಬೇಕು. 95 ಮಿಲಿಮೀಟರಿನ ಮುಂಮಸೂರ 65 ಮಿಲಿಮೀಟರಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳಕು ಹಿಡಿಯುತ್ತದೆ. ಮುಂಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ: 60 ಪಟ್ಟಿನಲ್ಲಿ 65ರ ಸ್ಕೋಪಿಗೆ ಅದು 1.1 ಮಿಲಿಮೀಟರ್, 95ಕ್ಕೆ 1.6. ಮುಸ್ಸಂಜೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆದರೆ ದೊಡ್ಡ ಮಸೂರದ ಸ್ಕೋಪು ಎರಡು ಕಿಲೋ ದಾಟುತ್ತದೆ. ಹೊತ್ತು ನಡೆಯುವವರು ಇದನ್ನೂ ಬೆಲೆಯ ಲೆಕ್ಕಕ್ಕೇ ಸೇರಿಸಿಕೊಳ್ಳುವುದು ಒಳ್ಳೆಯದು.

ಇದರ ಮೇಲೆ ಮಾರುಕಟ್ಟೆಯೂ ಚಿಕ್ಕದು. ಮೊಬೈಲ್ ಕ್ಯಾಮೆರಾದ ಮಸೂರಗಳು ಕೋಟಿಗಟ್ಟಲೆ ತಯಾರಾಗುತ್ತವೆ. ಸ್ಕೋಪಿನ ಗಿರಾಕಿಗಳು ಪಕ್ಷಿವೀಕ್ಷಕರು, ಬೇಟೆಗಾರರು ಮತ್ತು ಒಂದಿಷ್ಟು ಸಂಶೋಧಕರು ಅಷ್ಟೇ. ವಿನ್ಯಾಸ, ಜೋಡಣೆ, ತಪಾಸಣೆಯ ಖರ್ಚೆಲ್ಲ ಆ ಸ್ವಲ್ಪ ಮಂದಿಯ ಮೇಲೆಯೇ ಬೀಳುತ್ತದೆ. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಆಬ್ಸಾಮ್‌ನಲ್ಲಿ 1949ರಲ್ಲಿ ಶುರುವಾದ ಸ್ವರೋವ್‌ಸ್ಕಿ ಆಪ್ಟಿಕ್ ಇಂದಿಗೂ ಅಲ್ಲೇ ನೆಲೆನಿಂತಿದೆ. ಯುರೋಪಿನ ಕುಶಲ ಕೆಲಸಗಾರರ ಸಂಬಳ ಬೆಲೆಚೀಟಿಯಲ್ಲಿ ಸೇರದೆ ಇರುವುದಿಲ್ಲ.

ಇಷ್ಟು ಕೊಟ್ಟರೆ ಸಿಗುವುದೇನು? ಮೂವತ್ತು ಸಾವಿರದ ಸ್ಕೋಪಿನಿಂದ ಒಂದು ಲಕ್ಷದ ಸ್ಕೋಪಿಗೆ ಏರಿದಾಗ ಕಾಣುವ ಸುಧಾರಣೆ ದೊಡ್ಡದು. ಒಂದರಿಂದ ಮೂರು ಲಕ್ಷಕ್ಕೆ ಏರಿದಾಗ ಸಿಗುವುದು ಅಂಚಿನವರೆಗೂ ಚೊಕ್ಕವಾದ ನೋಟ, ಗರಿಷ್ಠ ವರ್ಧನೆಯಲ್ಲೂ ಮಸುಕಾಗದ ಚಿತ್ರ, ಮಂದ ಬೆಳಕಿನಲ್ಲಿ ಇನ್ನೂ ಒಂದಿಷ್ಟು ಹೊತ್ತಿನ ವೀಕ್ಷಣೆ. ನಡುಹಗಲಲ್ಲಿ ಕಾದ ನೆಲದಿಂದ ಏಳುವ ಬಿಸಿಗಾಳಿ ದೃಶ್ಯವನ್ನು ಕುಣಿಸತೊಡಗಿದರೆ ಈ ಲಾಭವೂ ಇಲ್ಲ. ಮೂರು ಲಕ್ಷದ ಸ್ಕೋಪನ್ನೂ 30 ಪಟ್ಟಿಗೆ ಇಳಿಸಿಯೇ ನೋಡಬೇಕು.

ಕರ್ನಾಟಕದಲ್ಲಿ ಒಳ್ಳೆಯ ಸ್ಕೋಪಿಗೆ ನಿಜವಾದ ಕೆಲಸವಿರುವ ಜಾಗಗಳೆಂದರೆ ಬಯಲುಸೀಮೆಯ ಕೆರೆಗಳು ಮತ್ತು ಕರಾವಳಿಯ ಅಳಿವೆಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಂಡುಹಿಂಡಾಗಿ ಬರುತ್ತವೆ. ಈ ಕೆರೆಯೂ ಕರಾವಳಿಯ ಅಘನಾಶಿನಿ ಅಳಿವೆಯೂ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದವು. ಈ ಹೆಬ್ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ಅಕ್ಷರ, ಅಂಕಿ ಬರೆದ ಕೊರಳಪಟ್ಟಿ ತೊಡಿಸಿರುತ್ತಾರೆ. ಹಕ್ಕಿ ಬೆದರದಷ್ಟು ದೂರದಿಂದ ಆ ಬರಹವನ್ನು ತಪ್ಪಿಲ್ಲದೆ ಓದಿದರೆ ಮಾತ್ರ ಅದು ಯಾವ ಹಕ್ಕಿಯೆಂದು ತಿಳಿಯುತ್ತದೆ. 3ನ್ನು 8 ಎಂದು ಓದಿದರೆ ದಾಖಲೆಯೇ ಬೇರೆ ಹಕ್ಕಿಯದಾಗುತ್ತದೆ. ಇಂಥ ಕೆಲಸಕ್ಕೆ ದುಬಾರಿ ಗಾಜು ಬೇಕೇ ಬೇಕು. ಮಲೆನಾಡಿನ ಕಾಡಿನೊಳಗೆ, ಎಲೆಮರೆಯಲ್ಲಿ ಚಡಪಡಿಸುವ ಹಕ್ಕಿಗಳಿಗೆ ಸ್ಕೋಪೇ ಹೆಚ್ಚುಕಡಿಮೆ ನಿರುಪಯೋಗಿ; ಬೈನಾಕ್ಯುಲರೇ ಸಾಕು.

ಕೊಳ್ಳುವಾಗ ಸ್ಕೋಪಿನ ಬೆಲೆಯೊಂದನ್ನೇ ನೋಡಿದರಾಗದು. ಕೆಲವು ಮಾದರಿಗಳಿಗೆ ಕಣ್ಮಸೂರವನ್ನು ಬೇರೆಯಾಗಿ ಕೊಳ್ಳಬೇಕು. ಟ್ರೈಪಾಡಿನಲ್ಲಿ ಜಿಪುಣತನ ಮಾಡಿದರೆ 60 ಪಟ್ಟಿನಲ್ಲಿ ಸಣ್ಣ ಗಾಳಿಗೂ ಚಿತ್ರ ನಡುಗುತ್ತದೆ, ಗಾಜಿಗೆ ಸುರಿದ ಹಣ ನೀರುಪಾಲು. ವಿದೇಶದಿಂದ ತರಿಸಿಕೊಂಡರೆ ರಿಪೇರಿಗೂ ವಿದೇಶಕ್ಕೇ ಕಳಿಸಬೇಕಾಗಬಹುದು. ಒಂದೇ ಮಾದರಿಯ ಎರಡು ಸ್ಕೋಪುಗಳು ಒಂದೇ ಸಮ ಇರುತ್ತವೆಂದೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ದೂರದ ನಾಮಫಲಕದ ಸಣ್ಣ ಅಕ್ಷರಗಳ ಮೇಲೆ ಗರಿಷ್ಠ ವರ್ಧನೆಯಲ್ಲಿ ಫೋಕಸ್ ಮಾಡಿ ನೋಡಬೇಕು: ತಿರುಗುಣಿ ಒಂದು ಖಚಿತ ಜಾಗದಲ್ಲಿ ಅಕ್ಷರವನ್ನು ಸ್ಪಷ್ಟವಾಗಿ ಕೂರಿಸಿದರೆ ಸರಿ, ಆಚೀಚೆ ಎಷ್ಟು ತಿರುಗಿಸಿದರೂ ಒಂದೇ ಬಗೆಯ ಮಸುಕು ಉಳಿದರೆ, ಅದೇ ಮಾದರಿಯ ಬೇರೊಂದನ್ನು ತೆಗೆಸಿ ನೋಡಬೇಕು.