ಹೆಸರು ಕೇಳಿದರೆ ನಂಬರು ಹೇಳುವವರು ಯಾರು?

ಹುಬ್ಬಳ್ಳಿಯಲ್ಲಿರುವ ಅಜ್ಜ ವಾಸ್ಕೋದಲ್ಲಿರುವ ನಿಮಗೆ ಒಂದು ಕಾಗದ ಹಾಕಿದರು ಅಂತ ಇಟ್ಟುಕೊಳ್ಳಿ. ಲಕೋಟೆಯ ಮೇಲೆ ಮೊದಲು ನಿಮ್ಮ ಹೆಸರು, ಆಮೇಲೆ ಮನೆ ನಂಬರು, ಬೈನಾ, ವಾಸ್ಕೋ, ಗೋವಾ, ಕೊನೆಗೆ 403802 ಎಂಬ ಪಿನ್ ಕೋಡ್. ನಾವು ಬರೆಯುವುದು ಮೇಲಿನಿಂದ ಕೆಳಕ್ಕೆ. ಆದರೆ ಅಂಚೆಯವರು ಓದುವುದು? ಕೆಳಗಿನಿಂದ ಮೇಲಕ್ಕೆ! ಮೊದಲ ಅಂಕಿ 4 ನೋಡಿದರೆ ಕಾಗದ ದೇಶದ ಪಶ್ಚಿಮ ಭಾಗಕ್ಕೆ ಹೋಗಬೇಕು ಎಂದು ತಿಳಿಯುತ್ತದೆ. 403 ನೋಡಿದರೆ ಗೋವಾ. ಪೂರ್ತಿ ಆರು ಅಂಕಿ ನೋಡಿದರೆ ವಾಸ್ಕೋದ ಅಂಚೆ ಕಚೇರಿ. ನಿಮ್ಮ ಮನೆ ಯಾವುದು ಅಂತ ಗೊತ್ತಿರಬೇಕಾದ್ದು ಕೊನೆಯಲ್ಲಿ ಬರುವ ಅಂಚೆಯಣ್ಣನಿಗೆ ಮಾತ್ರ.

ಮಕ್ಕಳೇ, ಇಂಟರ್ನೆಟ್ಟಿನ ವಿಳಾಸಗಳೂ ಹೀಗೇ, ಹಿಂದಿನಿಂದ ಮುಂದಕ್ಕೆ ಓದುವಂಥವು. ಇದು ಗೊತ್ತಿದ್ದರೆ ಎರಡು ಲಾಭ. ಒಂದು, ನೆಟ್ ಕೈಕೊಟ್ಟಾಗ ತೊಂದರೆ ಎಲ್ಲಿದೆ ಎಂದು ನೀವೇ ಹುಡುಕಬಹುದು. ಎರಡು, ಪರೀಕ್ಷೆಯ ಫಲಿತಾಂಶದ ದಿನ ಮೊಬೈಲಿಗೆ ಬರುವ ನಕಲಿ ಲಿಂಕುಗಳಿಗೆ ಮೋಸ ಹೋಗದೆ ಇರಬಹುದು.

ಒಂದೇ ಪಟ್ಟಿ ಇದ್ದ ಕಾಲ

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ಅದಕ್ಕೆ ಐಪಿ ವಿಳಾಸ ಎನ್ನುತ್ತಾರೆ. ಅದರ ಹಳೆಯ ರೂಪದಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ, ನಡುವೆ ಚುಕ್ಕೆ. ಒಂದೊಂದು ಸಂಖ್ಯೆಯೂ 0ರಿಂದ 255ರವರೆಗೆ ಇರಬಹುದು. ಅಂದರೆ ಒಟ್ಟು ಎಷ್ಟು ವಿಳಾಸ? 256ನ್ನು ನಾಲ್ಕು ಸಲ ಬರೆದು ಗುಣಿಸಿ ನೋಡಿ: ಸುಮಾರು 429 ಕೋಟಿ. ಅಷ್ಟೂ ಸಾಲದೆ, ಈಗ ಇನ್ನೂ ಉದ್ದನೆಯ ವಿಳಾಸಗಳೂ ಬಳಕೆಯಲ್ಲಿವೆ. ಇಂಥ ನಂಬರುಗಳನ್ನು ನಾವು ನೆನಪಿಟ್ಟುಕೊಳ್ಳೋಕೆ ಆಗುತ್ತದೆಯೇ? ಆಗದು. ಅದಕ್ಕೇ ಹೆಸರು ಬೇಕು.

ಇಂಟರ್ನೆಟ್ಟಿನ ಪೂರ್ವಜ ಎನ್ನಬಹುದಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಎಲ್ಲ ಹೆಸರು, ನಂಬರುಗಳು ಒಂದೇ ಕಡತದಲ್ಲಿದ್ದವು. ಅದನ್ನು ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರಿಗೆ ಹೆಸರು ಬೇಕೆಂದರೆ ಆ ತಂಡಕ್ಕೇ ಹೇಳಬೇಕಿತ್ತು. ಕಂಪ್ಯೂಟರುಗಳು ಹೆಚ್ಚಿದಂತೆ ಒಂದೇ ಪಟ್ಟಿ ಸಾಲದಾಯಿತು. ಆಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಒಂದು ಉಪಾಯ ಕೊಟ್ಟರು: ಪಟ್ಟಿಯನ್ನು ಒಬ್ಬರೇ ಹೊರುವುದು ಬೇಡ, ಹಂಚಿಕೊಳ್ಳೋಣ. ಇದೇ ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್.

ಬಲದಿಂದ ಎಡಕ್ಕೆ ಓದಿ

ಗೋವಾ ಸರ್ಕಾರದ ಜಾಲತಾಣದ ಹೆಸರು ‘ಗೋವಾ.ಗವ್.ಇನ್’. ನೀವು ಇದನ್ನು ಟೈಪ್ ಮಾಡಿದಾಗ ನಿಮ್ಮ ಕಂಪ್ಯೂಟರು ನೆಟ್ ಕೊಡುವ ಕಂಪನಿಯ ಒಂದು ಸರ್ವರನ್ನು ಕೇಳುತ್ತದೆ. ಆ ಸರ್ವರು ನಿಮ್ಮ ಪರವಾಗಿ ವಿಚಾರಿಸಲು ಹೊರಡುತ್ತದೆ.

ಮೊದಲು ‘ಬೇರು ಸರ್ವರು’ಗಳ ಹತ್ತಿರ ಹೋಗುತ್ತದೆ. ಎ ಇಂದ ಎಂ ವರೆಗೆ ಇವುಗಳಿಗೆ 13 ಹೆಸರುಗಳಿವೆ. ಆದರೆ ಪ್ರತಿಗಳು ಜಗತ್ತಿನ ತುಂಬ ಇವೆ, ನಮಗೆ ಹತ್ತಿರದ ಮುಂಬೈಯಲ್ಲೂ ಇವೆ. ಬೇರು ಸರ್ವರಿಗೆ ಗೋವಾ ಗೊತ್ತಿಲ್ಲ. ಅದು ಹೇಳುವುದು ಇಷ್ಟೇ: “ಕೊನೆಯಲ್ಲಿ ‘ಇನ್’ ಇದೆಯಲ್ಲ, ಅದು ಭಾರತದ್ದು. ಅವರನ್ನು ಕೇಳು.” ‘ಇನ್’ ಹೆಸರುಗಳನ್ನು ನೋಡಿಕೊಳ್ಳುವುದು 2003ರಲ್ಲಿ ಶುರುವಾದ ನಿಕ್ಸಿ ಎಂಬ ಸಂಸ್ಥೆ. ಅಲ್ಲಿ “‘ಗವ್.ಇನ್’ ಸರ್ಕಾರದ್ದು, ಮುಂದೆ ಕೇಳು” ಎಂಬ ಉತ್ತರ ಸಿಗುತ್ತದೆ. ‘ಗವ್.ಇನ್’ ಹೆಸರುಗಳನ್ನು ನೋಡಿಕೊಳ್ಳುವುದು ಕೇಂದ್ರ ಸರ್ಕಾರದ ಎನ್‌ಐಸಿ. ಅಲ್ಲಿಂದ ಮುಂದೆ ಗೋವಾದ ನಂಬರು ಸಿಗುತ್ತದೆ.

ಇಷ್ಟೆಲ್ಲ ಓಡಾಟ ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಒಮ್ಮೆ ಸಿಕ್ಕ ಉತ್ತರವನ್ನು ನಿಮ್ಮ ಕಂಪನಿಯ ಸರ್ವರು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ. ನಿಮ್ಮ ಪಕ್ಕದ ಮನೆಯವರು ಅದೇ ಹೆಸರು ಕೇಳಿದರೆ ಮತ್ತೆ ಓಡುವುದಿಲ್ಲ.

ಮೂರು ಸಾಲಿನಲ್ಲಿ ನೀವೇ ಕೇಳಿ

ಈ ಪ್ರಶ್ನೆಯನ್ನು ಬ್ರೌಸರೇ ಕೇಳಬೇಕೆಂದಿಲ್ಲ, ನೀವೂ ಕೇಳಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಪೈಥಾನ್ ಇದೆಯೇ ಅಂತ ಗುರುಗಳನ್ನು ಕೇಳಿ. ಇದ್ದರೆ ಈ ಮೂರು ಸಾಲು ಸಾಕು:

ಇಂಪೋರ್ಟ್ ಸಾಕೆಟ್
ಹೆಸರು = "ಗೋವಾ.ಗವ್.ಇನ್"
ಪ್ರಿಂಟ್(ಸಾಕೆಟ್.ಗೆಟ್‌ಹೋಸ್ಟ್‌ಬೈನೇಮ್(ಹೆಸರು))

ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ. ‘ಗೆಟ್, ಹೋಸ್ಟ್, ಬೈ, ನೇಮ್’ ನಾಲ್ಕೂ ಪದ ಕೂಡಿಸಿ ಬರೆಯಬೇಕು. ‘ಗವ್’ ಅಂದರೆ ಜಿ, ಓ, ವಿ. ಒಂದು ಮಜಾ ನೋಡ್ರಿ: ‘ಹೆಸರು’ ಎಂಬ ಪದವನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಬಹುದು, ಪೈಥಾನ್ 3 ಅದನ್ನು ಒಪ್ಪುತ್ತದೆ!

ಮೊದಲ ಸಾಲು ಜಾಲದ ಜೊತೆ ಮಾತಾಡುವ ಸಲಕರಣೆಯನ್ನು ತರುತ್ತದೆ. ಎರಡನೆಯದು ಹೆಸರನ್ನು ಹಿಡಿದಿಡುತ್ತದೆ. ಮೂರನೆಯದು “ಈ ಹೆಸರಿನವನ ನಂಬರು ಕೊಡು” ಎಂದು ಕೇಳಿ, ಉತ್ತರವನ್ನು ತೆರೆಯ ಮೇಲೆ ತೋರಿಸುತ್ತದೆ. ನಾಲ್ಕು ಸಂಖ್ಯೆ ಬಂದರೆ ಕೆಲಸ ಆಯಿತು.

ಸಂಖ್ಯೆಯ ಬದಲು ಕೆಂಪು ಅಕ್ಷರದ ದೋಷ ಬಂತೇ? ಕೊನೆಯ ಸಾಲಿನಲ್ಲಿ ‘ಗೈಎರರ್’ ಎಂದಿದ್ದರೆ ಹೆದರಬೇಡಿ. ಹೆಸರಿಗೆ ನಂಬರು ಸಿಗಲಿಲ್ಲ ಎಂದಷ್ಟೇ ಅದರ ಅರ್ಥ. ಈಗ ಬೇರೊಂದು ಹೆಸರು ಹಾಕಿ ನೋಡಿ. ಅದಕ್ಕೆ ಉತ್ತರ ಬಂದರೆ ನಿಮ್ಮ ನೆಟ್ ಸರಿಯಿದೆ, ಮೊದಲ ಹೆಸರಿನಲ್ಲೇ ಏನೋ ತಪ್ಪಿದೆ. ಕಾಗುಣಿತ ನೋಡಿ. ಎರಡಕ್ಕೂ ಬರದಿದ್ದರೆ ನಿಮ್ಮ ನೆಟ್ ಅಥವಾ ಕಂಪನಿಯ ಡಿಎನ್‌ಎಸ್ ಕಡೆ ತೊಂದರೆ. ವಿಜ್ಞಾನದ ಪ್ರಯೋಗದಲ್ಲಿ ನಾವು ಮಾಡುವುದೂ ಇದನ್ನೇ ಅಲ್ವಾ? ಒಂದು ಸಂಗತಿಯನ್ನು ಮಾತ್ರ ಬದಲಿಸಿ, ಏನಾಗುತ್ತದೆ ನೋಡುವುದು.

ದೊಡ್ಡ ಕಂಪನಿಗಳಿಗೂ ಈ ತೊಂದರೆ ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಸುಮಾರು 9 ಗಂಟೆಗೆ ವಾಟ್ಸ್‌ಆಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಮ್ಮೆಲೇ ನಿಂತುಹೋದವು. ಕಂಪನಿಯ ಒಳಜಾಲದ ದುರಸ್ತಿ ಕೆಲಸದಲ್ಲಿ ತಪ್ಪಾಗಿ, ಅದರ ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ದಾರಿಯೇ ಹೊರಗಿನವರಿಗೆ ಕಾಣದಂತಾಗಿತ್ತು. ಎಲ್ಲ ಸರಿಹೋಗಲು ಆರು ಗಂಟೆಗೂ ಹೆಚ್ಚು ಹಿಡಿಯಿತು.

ಉತ್ತರ ಬಂದರೆ ನಂಬಬಹುದೇ?

ಇಲ್ಲಿ ಎಚ್ಚರ! ನಂಬರು ಬಂತೆಂದರೆ ಆ ಹೆಸರು ಇದೆ ಎಂದಷ್ಟೇ ಅರ್ಥ. ಅದು ಒಳ್ಳೆಯವರದು ಎಂದಲ್ಲ. ನಕಲಿ ಜಾಲತಾಣಕ್ಕೂ ನಂಬರು ಇರುತ್ತದೆ.

ಎಸ್ಸೆಸ್ಸಿ ಫಲಿತಾಂಶದ ದಿನ ‘ಗೋವಾ.ಗವ್.ಇನ್.ಎಕ್ಸಾಂಪಲ್.ಕಾಂ’ ಎಂಬ ಲಿಂಕ್ ಬಂತು ಅಂತ ಇಟ್ಟುಕೊಳ್ಳಿ. (‘ಎಕ್ಸಾಂಪಲ್.ಕಾಂ’ ಉದಾಹರಣೆ ಕೊಡಲೆಂದೇ ಮೀಸಲಿಟ್ಟ ಹೆಸರು.) ಎಡದಿಂದ ಓದಿದರೆ ಸರ್ಕಾರದ್ದೇ ಅನಿಸುತ್ತದೆ. ಬಲದಿಂದ ಓದಿ: ಮೊದಲು ‘ಕಾಂ’, ಆಮೇಲೆ ‘ಎಕ್ಸಾಂಪಲ್’. ಅಂದರೆ ಅದು ಎಕ್ಸಾಂಪಲ್‌ನವರ ಮನೆ. ತಮ್ಮ ಮನೆಯೊಳಗಿನ ಕೋಣೆಗೆ ಅವರು ‘ಗೋವಾ’ ಅಂತಲೂ ಹೆಸರಿಡಬಹುದು, ‘ದೆಹಲಿ’ ಅಂತಲೂ ಇಡಬಹುದು. ಯಾರೂ ತಡೆಯುವುದಿಲ್ಲ. ಆದರೆ ‘ಗವ್.ಇನ್’ ಎಂದು ಕೊನೆಯಾಗುವ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಲಿಂಕಿನಲ್ಲಿ ಓರೆಗೆರೆ ಇದ್ದರೆ, ‘ಎಚ್‌ಟಿಟಿಪಿಎಸ್’ ಆದಮೇಲಿನ ಜೋಡಿ ಓರೆಗೆರೆ ಬಿಟ್ಟು, ಮುಂದಿನ ಮೊದಲ ಓರೆಗೆರೆಯವರೆಗೆ ಮಾತ್ರ ಹೆಸರು. ಅಲ್ಲಿಂದ ಹಿಂದಕ್ಕೆ ಓದಬೇಕು. ಅಪ್ಪ ಅಮ್ಮನ ಮೊಬೈಲಿಗೆ ಬಂದ ಒಟಿಪಿ ಕೇಳುವ ಫಲಿತಾಂಶದ ಲಿಂಕನ್ನು ಕಂಡರೆ ಮೊದಲು ಈ ಪರೀಕ್ಷೆ ಮಾಡಿ, ಮನೆಯವರಿಗೂ ಹೇಳಿಕೊಡಿ.

ಕನ್ನಡದಲ್ಲೂ ಹೆಸರು

ಹೆಸರು ಇಂಗ್ಲಿಷಿನಲ್ಲೇ ಇರಬೇಕೇ? ಬೇಡ. 2014ರಲ್ಲಿ ದೇವನಾಗರಿ ಲಿಪಿಯ ‘.ಭಾರತ’ ಬಳಕೆಗೆ ಬಂತು. ಹಿಂದಿ, ಮರಾಠಿಯವರಂತೆ ನಮ್ಮ ಗೋವಾದ ಕೊಂಕಣಿಯವರಿಗೂ ಅದು ಒದಗಿತು. ಆಮೇಲೆ ಕನ್ನಡ ಲಿಪಿಯ ‘.ಭಾರತ’ವೂ ಬಂತು. ಆದರೆ ಡಿಎನ್‌ಎಸ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳ ಕಾಲದಲ್ಲಿ. ಹಾಗಾಗಿ ಕನ್ನಡದ ಹೆಸರನ್ನು ಕೇಳುವ ಮೊದಲು ಕಂಪ್ಯೂಟರು ಅದಕ್ಕೊಂದು ವೇಷ ಹಾಕುತ್ತದೆ. ಆ ವೇಷವನ್ನೂ ಪೈಥಾನಿನಲ್ಲಿ ನೋಡಬಹುದು:

ಪ್ರಿಂಟ್("ಭಾರತ".ಎನ್‌ಕೋಡ್("ಐಡಿಎನ್‌ಎ"))

‘ಭಾರತ’ವನ್ನು ಕನ್ನಡದಲ್ಲೇ ಟೈಪ್ ಮಾಡಿ. ಉತ್ತರ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಬರುತ್ತದೆ: ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ.

ಮಾಡಿ ನೋಡಿ

1. ಮೂರು ಸಾಲಿನ ಆ ಪ್ರೋಗ್ರಾಮಿಗೆ ‘ಲೋಕಲ್‌ಹೋಸ್ಟ್’ ಎಂಬ ಹೆಸರು ಕೊಡಿ. ಬಂದ ನಂಬರು ಯಾರದು?

2. ಇದ್ದಿರಲಾರದಂಥ ಒಂದು ಉದ್ದನೆಯ ಹೆಸರು ಕೊಡಿ. ಯಾವ ದೋಷ ಬಂತು, ಬರೆದುಕೊಳ್ಳಿ.

3. ನಿಮ್ಮ ಊರಿನ ಹೆಸರಿಗೆ ‘ಐಡಿಎನ್‌ಎ’ ವೇಷ ಹಾಕಿಸಿ, ಗೆಳೆಯರ ಊರಿನ ಜೊತೆ ಹೋಲಿಸಿ. ಎಲ್ಲದರಲ್ಲೂ ಮೊದಲ ನಾಲ್ಕು ಚಿಹ್ನೆ ಒಂದೇ ಇವೆಯೇ?

4. ಮನೆಯ ಮೊಬೈಲಿಗೆ ಈ ವಾರ ಬಂದ ಐದು ಲಿಂಕುಗಳನ್ನು ತೆರೆಯದೆ, ಬರೀ ಬಲದಿಂದ ಎಡಕ್ಕೆ ಓದಿ. ಒಂದೊಂದೂ ಯಾರ ಮನೆಯದು ಎಂದು ಹೇಳಬಲ್ಲಿರಾ? ನಿಮ್ಮ ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.