ಬಚ್ಚಲುಮನೆಯ ನೀಲಿ ಜ್ವಾಲೆ

ತಾಮ್ರದ ಹಂಡೆಗೆ ಸೌದೆಯ ಉರಿಯಿಟ್ಟು ನೀರು ಕಾಯಿಸುತ್ತಿದ್ದ ಕಾಲದಲ್ಲಿ ಬಚ್ಚಲ ಒಲೆಯ ರೋಗವನ್ನರಿಯಲು ಯಾವ ನಿಪುಣನೂ ಬೇಕಿರಲಿಲ್ಲ. ಸೌದೆ ಹಸಿಯಾಗಿದ್ದರೆ ಹೊಗೆಯೇ ದೂರು ಹೇಳುತ್ತಿತ್ತು. ಕಣ್ಣುರಿದವರು ತಾವಾಗಿಯೇ ಬಾಗಿಲು ತೆರೆಯುತ್ತಿದ್ದರು. ಇಂದು ಅನೇಕ ಮನೆಗಳಲ್ಲಿ ಆ ಹಂಡೆಯ ಕೆಲಸವನ್ನು ಗೋಡೆಗೆ ತೂಗುಹಾಕಿದ ಪುಟ್ಟ ಪೆಟ್ಟಿಗೆಯೊಂದು ವಹಿಸಿಕೊಂಡಿದೆ. ನಲ್ಲಿ ತಿರುಗಿಸಿದೊಡನೆ ಟಕಟಕನೆ ಕಿಡಿ ಹಾರಿಸಿ, ನಿಮಿಷದೊಳಗೆ ಬಿಸಿನೀರು ನೀಡುವ ಗ್ಯಾಸ್ ಗೀಸರ್ ಹೊಗೆಯುಗುಳುವುದಿಲ್ಲ, ಕಣ್ಣುರಿಸುವುದಿಲ್ಲ. ಅದರ ಗುಣವೂ ಇದೇ, ಅಪಾಯವೂ ಇದೇ.

ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯ ಹೆಸರನ್ನು ಈ ಯಂತ್ರಕ್ಕೆ ಇಟ್ಟವನು ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್. ೧೮೬೮ರಲ್ಲಿ ಅವನು ರೂಪಿಸಿದ ಗೀಸರಿನಲ್ಲಿ, ಉರಿದ ಅನಿಲವು ಹೊರಹೋಗಲು ಕೊಳವೆಯೇ ಇರಲಿಲ್ಲ. ಮೊದಲ ಗೀಸರಿನ ಆ ನ್ಯೂನತೆಯನ್ನು ಇಂದಿನ ಕೆಲವು ಬಚ್ಚಲುಮನೆಗಳೂ ಉಳಿಸಿಕೊಂಡು ಬಂದಿರುವುದು ಖೇದದ ಸಂಗತಿ.

ಕಿಡಿಯೇ ಹಾರದಿದ್ದರೆ

ನಲ್ಲಿ ತೆರೆದರೂ ಟಕಟಕ ಶಬ್ದ ಕೇಳದಿದ್ದರೆ ಮೊದಲು ನೋಡತಕ್ಕದ್ದು ಪೆಟ್ಟಿಗೆಯ ತಳದಲ್ಲಿರುವ ಎರಡು ಬ್ಯಾಟರಿ ಸೆಲ್ಲುಗಳನ್ನು. ಬಚ್ಚಲಿನ ತೇವಕ್ಕೆ ಅವುಗಳ ತುದಿಯಲ್ಲಿ ಕಿಲುಬು ಹಿಡಿಯುವುದು ಸಾಮಾನ್ಯ. ಒಣಬಟ್ಟೆಯಿಂದ ಒರೆಸಿ, ಎರಡನ್ನೂ ಒಟ್ಟಿಗೇ ಬದಲಿಸಿ, ಧನ-ಋಣ ಗುರುತುಗಳನ್ನು ಅನುಸರಿಸಿ ಕೂರಿಸಿದರೆ ಎಷ್ಟೋ ಬಾರಿ ಯಂತ್ರಕ್ಕೆ ಮರುಜೀವ ಬರುತ್ತದೆ.

ಹೊಸ ಸೆಲ್ಲಿಗೂ ಅದು ಮಣಿಯದಿದ್ದರೆ ನೀರಿನ ಒತ್ತಡವನ್ನು ಶಂಕಿಸಬೇಕು. ಹರಿದುಬರುವ ನೀರು ಒಳಗಿನ ರಬ್ಬರಿನ ಪೊರೆಯೊಂದನ್ನು ತಳ್ಳಿದಾಗಲೇ ಅನಿಲದ ದ್ವಾರ ತೆರೆದು ಕಿಡಿ ಹುಟ್ಟುವ ಏರ್ಪಾಡು ಇಲ್ಲಿದೆ. ಮಹಡಿಯ ತೊಟ್ಟಿ ಬಚ್ಚಲಿಗೆ ತೀರ ಹತ್ತಿರದಲ್ಲಿದ್ದರೆ ಒತ್ತಡ ಸಾಲದು. ಅದೇ ಹೊತ್ತಿಗೆ ಅಡಿಗೆಮನೆಯ ನಲ್ಲಿಯನ್ನೂ ಬಿಟ್ಟಿದ್ದರಂತೂ ಹೇಳುವುದೇ ಬೇಡ. ತಣ್ಣೀರು ಒಳಬರುವ ಕೊಳವೆಯ ಬಾಯಲ್ಲಿರುವ ಜಾಲರಿಯಲ್ಲಿ ಮರಳು ಕಟ್ಟಿಕೊಂಡಿದ್ದರೆ, ನೀರನ್ನು ನಿಲ್ಲಿಸಿ ಅದನ್ನು ಬಿಚ್ಚಿ ತೊಳೆಯಬಹುದು.

ಕಿಡಿಯುಂಟು, ಜ್ವಾಲೆಯಿಲ್ಲ

ಕಿಡಿ ಹಾರಿಯೂ ಉರಿ ಹತ್ತದಿದ್ದರೆ ಅನಿಲ ತಲುಪುತ್ತಿಲ್ಲವೆಂದು ಅರ್ಥ. ಸಿಲಿಂಡರು ಬರಿದಾಗಿರಬಹುದು, ರೆಗ್ಯುಲೇಟರಿನ ಗುಂಡಿ ತಿರುಗಿಸದೆ ಉಳಿದಿರಬಹುದು, ರಬ್ಬರು ಕೊಳವೆ ಎಲ್ಲಿಯೋ ಮಡಿಸಿಕೊಂಡಿರಬಹುದು. ಹೊಸ ಸಿಲಿಂಡರು ಜೋಡಿಸಿದಾಗ ಕೊಳವೆಯೊಳಗಿನ ಗಾಳಿ ಹೊರಟುಹೋಗುವವರೆಗೆ ನಲ್ಲಿಯನ್ನು ಎರಡು ಮೂರು ಸಲ ತೆರೆದು ಮುಚ್ಚಬೇಕಾಗುತ್ತದೆ. ಆದರೆ ಗ್ಯಾಸಿನ ವಾಸನೆ ಬಂದರೆ ಈ ಪ್ರಯತ್ನವನ್ನು ಅಲ್ಲಿಗೇ ಬಿಡಬೇಕು.

ಹತ್ತಿದ ಜ್ವಾಲೆ ಸ್ನಾನದ ನಡುವೆ ಆರುವುದಕ್ಕೆ ಸೋತ ಸೆಲ್ಲು, ಕುಸಿದ ನೀರಿನ ಒತ್ತಡ, ಜ್ವಾಲೆಯನ್ನು ಕಾಯುವ ಕಡ್ಡಿಗೆ ಹಿಡಿದ ಮಸಿ—ಇವು ಕಾರಣ. ಅನೇಕ ಗೀಸರುಗಳಲ್ಲಿ ನಿಗದಿಯಾದ ಹೊತ್ತಿಗೆ ತಾನಾಗಿ ಆರುವ ವ್ಯವಸ್ಥೆಯೂ ಇರುತ್ತದೆ. ಅದು ದೋಷವಲ್ಲ, ಮನೆಯವರ ಪ್ರಾಣರಕ್ಷಣೆಗಾಗಿ ಇಟ್ಟ ಕಾವಲು. ಮತ್ತೆ ಮತ್ತೆ ಆರುತ್ತದೆಂದು ಬೇಸತ್ತು, ಈ ಕಾವಲನ್ನು ತಪ್ಪಿಸಿ ತಂತಿ ಜೋಡಿಸಿಕೊಡುವೆನೆನ್ನುವ ರಿಪೇರಿಯವನಿಗೆ ನಮಸ್ಕಾರ ಹೇಳಿ ಕಳುಹಿಸುವುದೇ ಲೇಸು.

ನೀರು ಕಾಯದಿದ್ದರೆ

ಚಳಿಗಾಲ, ಬೇಸಿಗೆ ಎಂದು ಗುರುತಿರುವ ಗುಂಡಿ ಎಲ್ಲಿದೆಯೆಂದು ಮೊದಲು ನೋಡಬೇಕು. ನೀರಿನ ಹರಿವು ಹೆಚ್ಚಿದಷ್ಟೂ ಬಿಸಿ ಕಡಿಮೆ. ನಲ್ಲಿಯನ್ನು ಸ್ವಲ್ಪ ಬಿಗಿದರೆ ಬಿಸಿ ಏರುತ್ತದೆ. ವರ್ಷವೆರಡು ವರ್ಷಗಳಲ್ಲಿ ಕ್ರಮೇಣ ಬಿಸಿ ತಗ್ಗಿದ್ದರೆ, ಕೊಳವೆಬಾವಿಯ ಗಡಸು ನೀರು ತಾಮ್ರದ ಸುರುಳಿಯೊಳಗೆ ಸುಣ್ಣದ ಪದರ ಕಟ್ಟಿದೆಯೆಂದು ತಿಳಿಯಬಹುದು. ಪಾತ್ರೆಯ ತಳದಲ್ಲಿ ಕಾಣುವ ಬಿಳಿಯ ಕಲೆಯೇ ಇದು. ಇದನ್ನು ಕರಗಿಸಿ ತೆಗೆಯುವುದು ಬಲ್ಲವರ ಕೆಲಸ.

ಹಳದಿ ಬಣ್ಣದ ಎಚ್ಚರಿಕೆ

ಇಲ್ಲಿಯವರೆಗೆ ಹೇಳಿದ್ದು ತಣ್ಣೀರಿನ ಸ್ನಾನದಿಂದ ಮುಗಿಯುವ ತೊಂದರೆಗಳು. ಜ್ವಾಲೆಯ ಬಣ್ಣದ ಮಾತು ಹಾಗಲ್ಲ. ಆರೋಗ್ಯವಾದ ಜ್ವಾಲೆ ನೀಲಿಯಾಗಿರುತ್ತದೆ. ಅದು ಹಳದಿಗೆ ತಿರುಗಿ, ಪೆಟ್ಟಿಗೆಯ ನೆತ್ತಿಗೆ ಮಸಿ ಹಿಡಿದಿದ್ದರೆ ಅನಿಲ ಪೂರ್ತಿಯಾಗಿ ಉರಿಯುತ್ತಿಲ್ಲ. ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತಿದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟು ಮಿಗಿಲಾದ ಒಲವು ಇದರ ಮೇಲಿದೆ.

ಜ್ವಾಲೆ ನೀಲಿಯಿದ್ದರೂ ಮುಚ್ಚಿದ ಕೋಣೆಯಲ್ಲಿ ನಿಶ್ಚಿಂತೆಯಿಲ್ಲ. ನಿಮಿಷಕ್ಕೆ ಆರು ಲೀಟರ್ ನೀರನ್ನು ೨೫ ಡಿಗ್ರಿಯಷ್ಟು ಬಿಸಿಮಾಡುವ ಗೀಸರು ಹತ್ತು ನಿಮಿಷದಲ್ಲಿ ಸುಮಾರು ೧೬೦ ಗ್ರಾಂ ಅನಿಲವನ್ನು ಉರಿಸುತ್ತದೆ. ಅದಕ್ಕೆ ಎರಡು ಘನ ಮೀಟರಿನಷ್ಟು ಗಾಳಿ ಬೇಕು. ಐದಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿರುವ ಒಟ್ಟು ಗಾಳಿಯೇ ಏಳು ಘನ ಮೀಟರಿಗಿಂತ ಕಡಿಮೆ. ಆಮ್ಲಜನಕ ಕುಗ್ಗಿದಂತೆ ಜ್ವಾಲೆ ಕೆಡುತ್ತದೆ, ವಿಷವಾಯು ಹೆಚ್ಚುತ್ತದೆ.

ತಲೆನೋವು, ಓಕರಿಕೆ, ತಲೆಸುತ್ತು ಮೊದಲ ಲಕ್ಷಣಗಳು. ಬಳಿಕ ಕಾಲುಗಳ ಶಕ್ತಿ ಉಡುಗುತ್ತದೆ. ಅಪಾಯ ತಿಳಿದರೂ ಅಗುಳಿಯವರೆಗೆ ಹೋಗಲಾರದ ಸ್ಥಿತಿ ಒದಗುತ್ತದೆ. ಒಳಗಿದ್ದವರು ಕರೆದರೆ ಓಗೊಡದಿದ್ದಲ್ಲಿ ಸಂಕೋಚಪಡದೆ ಬಾಗಿಲು ಒಡೆದು, ಅನಿಲ ನಿಲ್ಲಿಸಿ, ಅವರನ್ನು ಬಯಲಿಗೆ ತಂದು, ೧೦೮ಕ್ಕೆ ಕರೆಮಾಡಬೇಕು. ಇದು ಮೂರ್ಛೆರೋಗದಂತೆಯೂ ತೋರುವುದುಂಟು. ಆದ್ದರಿಂದ ಗ್ಯಾಸ್ ಗೀಸರಿನ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಸಾಧನ ಈ ವಿಷವನ್ನು ಗುರುತಿಸಲಾರದೆ ಎಲ್ಲವೂ ಸರಿಯಿದೆಯೆಂದೇ ತೋರಿಸಬಹುದು.

ವಾಸನೆ ಬಂದಾಗ

ಸೋರಿಕೆ ತಿಳಿಯಲೆಂದೇ ಅಡಿಗೆ ಅನಿಲಕ್ಕೆ ದುರ್ವಾಸನೆಯ ದ್ರವ್ಯ ಬೆರೆಸಿರುತ್ತಾರೆ. ವಾಸನೆ ಬಂದೊಡನೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಬೇಕು. ದೀಪದ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಗಾಳಿಗಿಂತ ಭಾರವಾದ ಈ ಅನಿಲ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಹೊರಗೆ ಬಂದು ೧೯೦೬ಕ್ಕೆ ಕರೆಮಾಡಿದರೆ ಸಹಾಯ ದೊರೆಯುತ್ತದೆ. ಸೋರಿಕೆಯ ಸ್ಥಳವನ್ನು ಸೋಪಿನ ನೀರಿನಿಂದ ಪರೀಕ್ಷಿಸಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ.

ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಹಿತ್ತಿಲ ಕಡೆಯಲ್ಲಿ ನಿಲ್ಲಿಸಿ ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರುವುದು ಎಲ್ಲ ಉಪಾಯಗಳಿಗಿಂತ ಮೇಲು. ಅದಾಗುವವರೆಗೆ ಬಕೆಟ್ಟು ತುಂಬಿಸಿ, ಜ್ವಾಲೆ ಆರಿಸಿ, ಗಾಳಿ ಆಡಿದ ಬಳಿಕ ಬಾಗಿಲು ಹಾಕಿಕೊಂಡು ಸ್ನಾನ ಮಾಡುವುದೊಂದೇ ಮಾರ್ಗ. ದೀಪಾವಳಿಯ ಅಭ್ಯಂಜನದಂದು ಮನೆಮಂದಿಯೆಲ್ಲ ಸಾಲಾಗಿ ಬಚ್ಚಲು ಹೊಗುವಾಗ ಈ ಎಚ್ಚರಿಕೆ ಇಮ್ಮಡಿಯಾಗಿರಲಿ. ಚಳಿಯೆಂದು ಕಿಟಕಿಗೆ ರಟ್ಟು ಬಡಿಯುವ ಮುನ್ನ, ಹಂಡೆಯ ಕಾಲದ ಹಿರಿಯರು ಬಚ್ಚಲಿನ ಮಾಡಿನಲ್ಲಿ ಗವಾಕ್ಷಿಯನ್ನೇಕೆ ಬಿಡುತ್ತಿದ್ದರೆಂದು ಒಂದು ಕ್ಷಣ ಆಲೋಚಿಸಿದರೆ ಸಾಕು.