ನಿಮಗಿದು ಗೊತ್ತೆ? ಠಾಣೆಗೆ ಸೈನ್ಯವನ್ನಟ್ಟಿದ ಹದೀಸ್ ನಿರೂಪಕ
ಅರಬ್ಬೀ ಸಮುದ್ರವನ್ನು ದಾಟಿ, ಕ್ರಿ.ಶ. 636ರ ಸುಮಾರಿಗೆ ಭಾರತದ ಪಶ್ಚಿಮ ಕರಾವಳಿಯ ಠಾಣೆಗೆ ಅರಬರ ಸೈನ್ಯವೊಂದು ಬಂದಿತೆಂದು 9ನೆಯ ಶತಮಾನದ ಇತಿಹಾಸಕಾರ ಬಲಾದುರಿ ಬರೆದಿದ್ದಾನೆ. ಅದನ್ನು ಕಳುಹಿದವರು ಬಹರೈನ್ ಮತ್ತು ಓಮಾನ್ ಪ್ರಾಂತಗಳ ಅಧಿಪತಿಯಾಗಿದ್ದ, ಪ್ರವಾದಿ ಮುಹಮ್ಮದರ ಸಹಚರ ಉಸ್ಮಾನ್ ಬಿನ್ ಅಬಿಲ್ ಆಸ್. ತಾಯಿಫಿನ ಸಕೀಫ್ ಕುಲದಲ್ಲಿ ಜನಿಸಿ, ಧರ್ಮಜ್ಞಾನದ ತೀವ್ರಾಸಕ್ತಿಯಿಂದ ತಾರುಣ್ಯದಲ್ಲಿಯೇ ತಮ್ಮ ಜನರ ನಾಯಕತ್ವವನ್ನು ಪಡೆದ ಇವರ ಈ ಸಾಹಸವನ್ನು, ಸೈನಿಕರ ಪ್ರಾಣದ ಕುರಿತು ಕಳವಳಗೊಂಡ ಖಲೀಫ ಉಮರರು ಕಠಿಣವಾಗಿ ಆಕ್ಷೇಪಿಸಿದರಂತೆ. ಆದರೆ ಮನಸ್ಸನ್ನು ಹೆಚ್ಚು ಸೆಳೆಯುವುವು ಈ ಸೇನಾನಿ ನಿರೂಪಿಸಿದ ಹದೀಸುಗಳು, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಗಳು: ದೇಹದಲ್ಲಿ ನೋವಿರುವೆಡೆ ಕೈಯಿರಿಸಿ ದೇವರ ಮೊರೆಹೋಗಬೇಕೆಂಬುದು ‘ಸಹೀಹ್ ಮುಸ್ಲಿಂ’ ಎಂಬ ಹದೀಸ್ ಸಂಗ್ರಹದಲ್ಲಿದೆ; ಬಾಂಗು ಕೊಡಲು ವೇತನವನ್ನು ಬಯಸದವನನ್ನು ನೇಮಿಸಬೇಕೆಂಬ ಉಪದೇಶವೂ ಇವರ ಮೂಲಕವೇ ಬಂದುದು.